ಚಿಲ್ಲರೆ ಇಲ್ಲದ ಗಲ್ಲಾಪೆಟ್ಟಿಗೆಯಿಂದ ಒಂದು ಬಹಿರಂಗ ಪತ್ರ

ತುಮಕೂರು ಜಿಲ್ಲೆಯ ಬ್ಯಾಂಕುಗಳ ಉಸ್ತುವಾರಿ ನೋಡುವ ಅಧಿಕಾರಿಗಳಿಗೆ,
ನಾಣ್ಯವನ್ನು ಊರೂರಿಗೆ ತಲುಪಿಸುವ ಹೊಣೆ ಹೊತ್ತ ಎಲ್ಲರಿಗೂ,
ಹಾಗೇ ನನ್ನ ಅಂಗಡಿಯ ಗಿರಾಕಿಗಳಿಗೂ,

ನಮಸ್ಕಾರ.

ನಾನು ಮಂಡಿಪೇಟೆ ಹತ್ತಿರ ಒಂದು ದಿನಸಿ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮಪ್ಪ ಕೂರುತ್ತಿದ್ದ ಜಾಗದಲ್ಲೇ ಕೂರುತ್ತೇನೆ. ಗಲ್ಲಾಪೆಟ್ಟಿಗೆಯೂ ಅವರದ್ದೇ. ತೇಗದ ಪೆಟ್ಟಿಗೆ, ನಾಣ್ಯ ಹಾಕುವುದಕ್ಕೆ ಒಳಗೆ ಐದು ಬಟ್ಟಲು ಕೊರೆದಿದ್ದಾರೆ. ಅಪ್ಪನ ಕಾಲದಲ್ಲಿ ಐದೂ ತುಂಬಿರುತ್ತಿದ್ದವು. ಬೆರಳು ಹಾಕಿದರೆ ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು, ಇದು ನಾಲ್ಕಾಣೆ, ಇದು ಎಂಟಾಣೆ ಅಂತ. ಈಗ ಒಂದರಲ್ಲಿ ರಬ್ಬರ್ ಬ್ಯಾಂಡು, ಒಂದರಲ್ಲಿ ಏಲಕ್ಕಿ ಪೊಟ್ಟಣ, ಇನ್ನೊಂದರಲ್ಲಿ ಯಾರೋ ಬಿಟ್ಟು ಹೋದ ಸೈಕಲ್ ಬೀಗದ ಕೈ.

ಇವತ್ತು ಬೆಳಿಗ್ಗೆ ಬಾಗಿಲು ತೆಗೆದು ಊದಿನಕಡ್ಡಿ ಹಚ್ಚುವಷ್ಟರಲ್ಲಿ ಒಬ್ಬರು ಬಂದರು. 17 ರೂಪಾಯಿ ವ್ಯಾಪಾರ, 500ರ ನೋಟು. ಬೋಣಿ ಗಿರಾಕಿಯನ್ನು ಬರಿಗೈಲಿ ಕಳಿಸುವ ಹಾಗಿಲ್ಲ. 'ನಾಳೆ ಕೊಡಿ ಸಾರ್' ಅಂದೆ. ಅವರು ಒಳ್ಳೆಯವರು, ಕೊಡುತ್ತಾರೆ. ಆದರೆ ಈ 'ನಾಳೆ ಕೊಡಿ', 'ಆಮೇಲೆ ಇಸ್ಕೊಳ್ಳಿ', 'ಎರಡು ರೂಪಾಯಿಗೆ ಚಾಕೊಲೇಟ್ ಕೊಡ್ಲಾ' ಅನ್ನುವ ಮಾತುಗಳಲ್ಲೇ ನನ್ನ ಅರ್ಧ ಜೀವನ ಕಳೆದುಹೋಯಿತು. ಅದಕ್ಕೇ ಈ ಪತ್ರ.

ಬರೀ ದೂರು ಹೇಳುವ ಕಾಗದ ಅಂದುಕೊಳ್ಳಬೇಡಿ. ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಒಂದು ಕಾಲದಲ್ಲಿ ನಾನೇ ದುಡ್ಡು ಅಚ್ಚು ಹಾಕಿಸಿದ್ದೆ.

ಗಾಬರಿ ಬೇಡ. ಖೋಟಾ ನೋಟಲ್ಲ.

ಹದಿಮೂರು ಹದಿನಾಲ್ಕು ವರ್ಷದ ಹಿಂದಿನ ಮಾತು. ನಾಲ್ಕಾಣೆ ಆಗಷ್ಟೇ ಸತ್ತಿತ್ತು. 2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ ನಿಲ್ಲಿಸಿದರು. ಎಂಟಾಣೆ ಕಾನೂನಿನ ಪ್ರಕಾರ ಇವತ್ತಿಗೂ ಬದುಕಿದೆ, ಅಂಗಡಿಯಲ್ಲಿ ಮಾತ್ರ ಯಾರೂ ಮುಟ್ಟುವುದಿಲ್ಲ. ಒಂದು, ಎರಡು ರೂಪಾಯಿ ನಾಣ್ಯ ಬೇಕು ಅಂದರೆ ಹುಡುಕಿಕೊಂಡು ಹೋಗಬೇಕಿತ್ತು. ಹುಂಡಿ ಎಣಿಸುವ ದಿನ ದೇವಸ್ಥಾನದ ಹತ್ತಿರ ಸಾಲು. ಪರಿಚಯದ ಕಂಡಕ್ಟರುಗಳಿಗೆ ಕಾಫಿ. ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬರು ಸಿಕ್ಕರು. 100 ರೂಪಾಯಿ ನೋಟು ಕೊಟ್ಟರೆ 90 ರೂಪಾಯಿ ಚಿಲ್ಲರೆ ಕೊಡುತ್ತಿದ್ದರು. ನಮ್ಮ ದೇಶದ್ದೇ ದುಡ್ಡನ್ನು ನಮ್ಮ ದೇಶದ್ದೇ ದುಡ್ಡು ಕೊಟ್ಟು ಕೊಳ್ಳೋದು, ಅದಕ್ಕೆ ನೂರಕ್ಕೆ ಹತ್ತು ಕಮಿಷನ್. ಎಳ್ಳು, ಬೆಲ್ಲದಲ್ಲಿ ನನಗೆ ಅಷ್ಟು ಲಾಭ ಸಿಗುತ್ತಿರಲಿಲ್ಲ.

ಹಾಗಾಗಿ ಎಲ್ಲರಂತೆ ನಾನೂ ಚಾಕೊಲೇಟ್ ಡಬ್ಬಿ ಇಟ್ಟೆ. ಒಳಗಿನ ಗುಟ್ಟು ಹೇಳುತ್ತೇನೆ, ಬೇರೆ ಅಂಗಡಿಯವರು ಬೈದುಕೊಳ್ಳಬಾರದು. ಡಬ್ಬಿಗಟ್ಟಲೆ ಕೊಂಡರೆ ಒಂದು ರೂಪಾಯಿ ಚಾಕೊಲೇಟು ನಮಗೆ ಒಂದು ರೂಪಾಯಿಗಿಂತ ಕಡಿಮೆಗೆ ಬೀಳುತ್ತದೆ. ಅಂದರೆ ಚಿಲ್ಲರೆ ಇಲ್ಲ ಅಂತ ಮುಖ ಸಣ್ಣ ಮಾಡಿಕೊಂಡು ನಿಂತಾಗಲೂ ನಾವು ವ್ಯಾಪಾರ ಮಾಡುತ್ತಲೇ ಇದ್ದೆವು. ಗಿರಾಕಿ ಕೇಳದೇ ಇದ್ದ ಸಾಮಾನನ್ನು ಅವರ ಕೈಗೆ ತುರುಕುತ್ತಿದ್ದೆವು.

ಇದು ನನಗೆ ಹೊಳೆದದ್ದು ಒಬ್ಬ ಅಜ್ಜಿಯಿಂದ. ವಾರಕ್ಕೆರಡು ಸಲ ಬರೋರು. ಒಂದು ದಿನ ಸೆರಗಿನ ಗಂಟು ಬಿಚ್ಚಿ ಕೌಂಟರ್ ಮೇಲೆ ಹದಿನಾಲ್ಕು ಚಾಕೊಲೇಟು ಸುರಿದರು. 'ನಂಗೆ ಶುಗರ್ ಐತೆ ಕಣಪ್ಪ. ಮನೇಲಿ ಮಕ್ಕಳಿಲ್ಲ. ಇವನ್ನ ಇಟ್ಕೊಂಡು ಹದಿನಾಕು ರೂಪಾಯಿಗೆ ಹುರಿಗಡ್ಲೆ ಕೊಡು' ಅಂದರು. ನಾನು ನಕ್ಕೆ. ಅವರು ನಗಲಿಲ್ಲ. 'ನೀನು ಕೊಡೋವಾಗ ಇದು ದುಡ್ಡು, ನಾನು ಕೊಡೋವಾಗ ಅಲ್ವಾ?'

ಹುರಿಗಡಲೆ ಕೊಟ್ಟೆ. ಅವತ್ತೇ ಸಂಜೆ ಚಾಕೊಲೇಟ್ ಡಬ್ಬಿ ಒಳಗಿಟ್ಟೆ. ದುಡ್ಡು ಯಾವುದು, ಯಾವುದು ಅಲ್ಲ ಅನ್ನೋದಕ್ಕೆ ಅಜ್ಜಿ ಹೇಳಿದ ಆ ಒಂದು ಮಾತೇ ನನಗೆ ಸಾಕಾಯಿತು. ಕೊಟ್ಟವನು ವಾಪಸ್ ತಗೊಳ್ಳಬೇಕು. ತಗೊಳ್ಳದಿದ್ದರೆ ಅದು ಬರೀ ಮಿಠಾಯಿ.

ಆಗ ತಲೆಗೆ ಬಂದದ್ದು ಬಿಲ್ಲೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಬ್ಯಾಂಕಿಗೆ ಹೋದರೆ, ಚೆಕ್ ಕೊಟ್ಟ ತಕ್ಷಣ ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದರು, ಮೇಲೆ ನಂಬರು. ಕ್ಯಾಶಿಯರ್ ನಂಬರ್ ಕೂಗುವವರೆಗೂ ಅದನ್ನು ಹಿಡಿದುಕೊಳ್ಳುವ ಕೆಲಸ ನನ್ನದು. ಬಿಸಿಯಾಗಿ, ಬೆವರಿನ ವಾಸನೆ ಬರುತ್ತಿತ್ತು. ಹಾಗೇ ಒಂದಷ್ಟು ಹಿತ್ತಾಳೆ ಬಿಲ್ಲೆ ಮಾಡಿಸಿ, 1, 2, 5 ಅಂತ ಕೊರೆಸಿ, ಅಂಗಡಿ ಹೆಸರು ಹಾಕಿಸೋಣ ಅಂದುಕೊಂಡೆ. ಕೊರೆಯುವವರ ಹತ್ತಿರ ರೇಟೂ ಕೇಳಿ ಬಂದೆ.

ತಡೆದವರು ನಮ್ಮ ಅಂಗಡಿಗೇ ಬರುವ ಒಬ್ಬ ವಕೀಲರು. 'ಮಾರಾಯ, ಲೋಹದಲ್ಲಿ ಮಾತ್ರ ಮಾಡಿಸಬೇಡ' ಅಂದರು. ದುಡ್ಡಿನ ಹಾಗೆ ಓಡಾಡಿಸುವುದಕ್ಕೆ ಖಾಸಗಿಯವರು ಲೋಹದ ತುಂಡು ತಯಾರಿಸುವ ಹಾಗಿಲ್ಲ ಅಂತ ಬ್ರಿಟಿಷರು 1889ರಲ್ಲೇ ಒಂದು ಕಾಯ್ದೆ ಮಾಡಿದ್ದರಂತೆ. ಅದನ್ನು ತೆಗೆದು 2011ರ ನಾಣ್ಯ ಕಾಯ್ದೆಯೊಳಗೆ ಅದೇ ನಿಷೇಧವನ್ನು ಸೇರಿಸಿದ್ದಾರೆ. ಮೀರಿದರೆ ಜೈಲೂ ಉಂಟು. 'ಹಂಗಾದ್ರೆ ಕಾಗದದಲ್ಲಿ?' ಅಂದೆ. ಅದಕ್ಕೂ ಅವರ ಹತ್ತಿರ ಉತ್ತರವಿತ್ತು. ರಿಸರ್ವ್ ಬ್ಯಾಂಕ್ ಕಾಯ್ದೆಯ 31ನೇ ಕಲಮಿದೆ. 'ಇದನ್ನು ಯಾರು ತಂದರೂ ಕೇಳಿದ ತಕ್ಷಣ ಇಷ್ಟು ಹಣ ಕೊಡುತ್ತೇನೆ' ಅಂತ ಬರೆದುಕೊಡುವ ಹಕ್ಕು ರಿಸರ್ವ್ ಬ್ಯಾಂಕು, ಕೇಂದ್ರ ಸರ್ಕಾರ ಬಿಟ್ಟರೆ ಬೇರೆ ಯಾರಿಗೂ ಇಲ್ಲ. 'ಬಾಕಿ ಅಂತ ಬರೆದುಕೊಡು, ಹೆಸರು ಹಾಕು, ಬೇಗ ವಾಪಸ್ ತಗೋ' ಅಂದು ಫೀಸಿನ ಬದಲು ಒಂದು ಕೊಬ್ಬರಿ ಗಿಟುಕು ತೆಗೆದುಕೊಂಡು ಹೋದರು.

ಹೆಸರು ಬರೆಯೋದೆಲ್ಲ ಎರಡೇ ದಿನ ನಡೆಯಿತು. ಸಂಜೆ ಹೊತ್ತು ಅಂಗಡಿ ಮುಂದೆ ಹತ್ತು ಜನ ನಿಂತಿರುವಾಗ ಯಾರ ಹೆಸರು, ಎಷ್ಟು ಬಾಕಿ ಅಂತ ಬರೆಯೋಕೆ ಪುರುಸೊತ್ತು ಎಲ್ಲಿ? ಮದುವೆ ಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಿಂದ ಉಳಿಕೆ ರಟ್ಟು ತಂದೆ. ಒಂದು ರೂಪಾಯಿಗೆ ಹಳದಿ, ಎರಡಕ್ಕೆ ಗುಲಾಬಿ, ಐದಕ್ಕೆ ಹಸಿರು. ಮುಂದೆ ಅಂಕಿ, ಹಿಂದೆ ಅಂಗಡಿ ಸೀಲು, ಅದರ ಮೇಲೆ ನನ್ನ ಚಿಕ್ಕ ಸಹಿ. ಒಟ್ಟು 3000 ರೂಪಾಯಿ ಚೀಟಿ. ಕೆಲವು ಚೀಟಿಗಳ ಅಂಚಿನಲ್ಲಿ ಗಣಪತಿಯ ಅರ್ಧ ಕಿವಿ, 'ಸುಮುಹೂರ್ತ' ಅನ್ನುವ ಮಾತಿನ ಬಾಲ ಹಾಗೇ ಉಳಿದಿತ್ತು. ಜನಕ್ಕೆ ಅದೇ ಖುಷಿ.

ನಾನು ಅಂದುಕೊಂಡದ್ದು, ಗಿರಾಕಿ ಚೀಟಿ ಇಟ್ಟುಕೊಳ್ಳುತ್ತಾರೆ, ಮುಂದಿನ ಸಲ ತಂದು ಕೊಡುತ್ತಾರೆ, ಅಷ್ಟೇ ಅಂತ. ಮೂರನೇ ವಾರ ಪಕ್ಕದ ಟೀ ಅಂಗಡಿಯವರು ಒಂದು ಕಂತೆ ಹಿಡಿದುಕೊಂಡು ಬಂದರು. ಅವರ ಗಿರಾಕಿಗಳು ಟೀಗೆ ನನ್ನ ಚೀಟಿ ಕೊಟ್ಟಿದ್ದರು, ಇವರು ತೆಗೆದುಕೊಂಡಿದ್ದರು! 'ನಿಮ್ಮ ಸೀಲು ಇತ್ತಲ್ಲ ಅಣ್ಣ, ಹೆಂಗೂ ಸಕ್ಕರೆ ನಿಮ್ಮತ್ರಾನೇ ತಗೊಳ್ಳೋದು' ಅಂದರು. ಹೂ ಮಾರುವ ಅಕ್ಕ ಮೊಳಕ್ಕೆ ಉಳಿದ ಚಿಲ್ಲರೆಯಾಗಿ ನನ್ನ ಚೀಟಿಯನ್ನೇ ಬೇರೆಯವರಿಗೆ ಕೊಡುತ್ತಿದ್ದರು. ನನ್ನ ಮುಖವನ್ನೇ ನೋಡದವರ ಜೇಬಿನಲ್ಲಿ ನನ್ನ ಸಹಿ ಇತ್ತು. ಸುಳ್ಳು ಯಾಕೆ, ಒಂದಷ್ಟು ಜಂಬ ಬಂತು. ಆಮೇಲೆ ಒಬ್ಬ ಹುಡುಗ ಬಂದು, 'ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಇದನ್ನ ಕೊಟ್ಟೆ ಅಂಕಲ್, ನಕ್ಕು ವಾಪಸ್ ಕೊಟ್ರು' ಅಂದ. ನನ್ನ ಸಾಮ್ರಾಜ್ಯದ ಗಡಿ ಅಲ್ಲಿಗೆ ಗೊತ್ತಾಯಿತು.

ನನಗೆ ಹಳೇ ನಾಣ್ಯ ಕೂಡಿಡುವ ಹುಚ್ಚಿದೆ. ಹಾಗಾಗಿ ಇಂಥದ್ದು ಬೇರೆ ಎಲ್ಲಿ ನಡೆದಿತ್ತು ಅಂತ ಓದತೊಡಗಿದೆ. ಓದಿದ ಮೇಲೆ ಜಂಬ ಇಳಿಯಿತು. ನಾನು ಮಾಡಿದ್ದನ್ನು ಇಂಗ್ಲೆಂಡಿನ ಅಂಗಡಿಯವರು 1648ರ ಹೊತ್ತಿಗೇ ಶುರು ಮಾಡಿದ್ದರು. ಅಲ್ಲಿ ರಾಜನ ಟಂಕಸಾಲೆಗೆ ಚಿನ್ನ, ಬೆಳ್ಳಿಯ ಮೇಲೆ ಆಸೆ. ಒಂದು ದೊಡ್ಡ ನಾಣ್ಯ ಹೊಡೆಯುವುದಕ್ಕೂ ಒಂದು ಕಾಸು ಹೊಡೆಯುವುದಕ್ಕೂ ಕೂಲಿ ಹೆಚ್ಚು ಕಡಿಮೆ ಅಷ್ಟೇ. ಕಾಸಿನಲ್ಲಿ ಉಳಿಯುವುದೇನು? ಹಾಗಾಗಿ ರೊಟ್ಟಿ, ಮೇಣದ ಬತ್ತಿ ಕೊಳ್ಳುವ ಜನಕ್ಕೆ ಬೇಕಾದ ಪುಡಿಗಾಸು ಸಾಲುತ್ತಿರಲಿಲ್ಲ. ದಿನಸಿ ಅಂಗಡಿಯವರು, ಪಾನದಂಗಡಿಯವರು, ಬಟ್ಟೆ ಅಂಗಡಿಯವರು ತಾವೇ ತಾಮ್ರ, ಹಿತ್ತಾಳೆಯಲ್ಲಿ ಬಿಲ್ಲೆ ಹೊಡೆಸಿದರು. ಅದರ ಮೇಲೆ ಊರು, ಅಂಗಡಿಯ ಗುರುತು, ಯಜಮಾನನ ಹೆಸರು. ಎಷ್ಟೋ ಬಿಲ್ಲೆಗಳ ಮೇಲೆ ಹೆಂಡತಿಯ ಹೆಸರಿನ ಮೊದಲಕ್ಷರವೂ ಇರುತ್ತಿತ್ತು. ಇದನ್ನು ಮನೆಯಲ್ಲಿ ಓದಿ ಹೇಳಿದ್ದೇ ತಪ್ಪಾಯಿತು. 'ನಿಮ್ಮ ಚೀಟಿ ಮೇಲೆ ನನ್ನ ಹೆಸರೆಲ್ಲಿ? ಕತ್ತರಿಸಿ ಕೊಟ್ಟವಳು ನಾನು ತಾನೇ' ಅಂತ ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ.

ಅಧಿಕಾರಿಗಳೇ, ಈ ಕಥೆ ಮುಗಿದ ರೀತಿ ನೀವು ಗಮನಿಸಬೇಕು. 1672ರಲ್ಲಿ ಎರಡನೇ ಚಾರ್ಲ್ಸ್ ರಾಜ ಅಂಗಡಿ ಬಿಲ್ಲೆಗಳನ್ನು ನಿಷೇಧಿಸಿದ. ಆದರೆ ಬರೀ ನಿಷೇಧಿಸಿ ಕೂರಲಿಲ್ಲ. ತಾಮ್ರದ ಫಾರ್ದಿಂಗ್ ಅಂದರೆ ಕಾಲು ಪೆನ್ನಿ, ಅರ್ಧ ಪೆನ್ನಿಗಳನ್ನು ಸರ್ಕಾರದಿಂದಲೇ ಹೊಡೆಸಿ ಬಿಟ್ಟ. ನೂರು ವರ್ಷ ಕಳೆದ ಮೇಲೆ ಮತ್ತೆ ಅದೇ ಹಾಡು. ಕೈಗಾರಿಕೆ ಬೆಳೆದಿತ್ತು, ವಾರದ ಕೂಲಿ ಕೊಡೋಕೆ ಚಿಲ್ಲರೆ ಇಲ್ಲ. 1787ರಲ್ಲಿ ವೇಲ್ಸಿನ ಆಂಗ್ಲಸಿ ದ್ವೀಪದ ಪ್ಯಾರಿಸ್ ಅನ್ನುವ ತಾಮ್ರದ ಗಣಿಯವರು ತಾವೇ ಪೆನ್ನಿ ಹೊಡೆದರು. ಸರ್ಕಾರದ್ದಕ್ಕಿಂತ ಅದೇ ಚೆನ್ನಾಗಿತ್ತು. 1797ರಲ್ಲಿ ಸರ್ಕಾರ ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೌಲ್ಟನ್ ಕಾರ್ಖಾನೆಯಲ್ಲಿ ಉಗಿ ಯಂತ್ರದಿಂದ ದಪ್ಪ ತಾಮ್ರದ ಪೆನ್ನಿ ಹೊಡೆಸಿತು. 1811ರ ಸುಮಾರಿಗೆ ಮತ್ತೆ ಕೊರತೆ, ಮತ್ತೆ ಬಿಲ್ಲೆ. 1816ರಲ್ಲಿ ಹೊಸ ಬೆಳ್ಳಿ ನಾಣ್ಯಕ್ಕೆ ಕಾನೂನು ಮಾಡಿದ ಮೇಲೆಯೇ 1817ರಲ್ಲಿ ಬಿಲ್ಲೆಗಳಿಗೆ ನಿಷೇಧ ಬಂದದ್ದು.

ಅಮೆರಿಕದ್ದು ಇನ್ನೂ ಮಜಾ. 1862ರಲ್ಲಿ ಅಂತರ್ಯುದ್ಧ ನಡೆದಿರುವಾಗ ಜನ ನಾಣ್ಯಗಳನ್ನೆಲ್ಲ ಬಚ್ಚಿಟ್ಟರು. ಅಂಚೆ ಚೀಟಿಯನ್ನೇ ದುಡ್ಡಾಗಿ ಬಳಸಿ ಅಂದರು ಸರ್ಕಾರದವರು. ಬೆವರಿದ ಕೈಗೆ ಅಂಟು. ಗಾಲ್ಟ್ ಅನ್ನುವ ಒಬ್ಬ ಆಸಾಮಿ ಅಂಚೆ ಚೀಟಿಯನ್ನು ಹಿತ್ತಾಳೆ ಡಬ್ಬಿಯೊಳಗೆ ಇಟ್ಟು, ಮೇಲೆ ಅಭ್ರಕದ ಹಾಳೆ ಹೊದಿಸಿ, ಬೆನ್ನ ಮೇಲೆ ಅಂಗಡಿಗಳ ಜಾಹೀರಾತು ಒತ್ತಿ ಮಾರಿದ. ಅಂಗಡಿಯವರೆಲ್ಲ ಸೆಂಟಿನ ಬಿಲ್ಲೆ ಹೊಡೆಸಿದರು. ನ್ಯೂಯಾರ್ಕಿನಲ್ಲಿ ಲಿಂಡನ್‌ಮುಲ್ಲರ್ ಅಂತ ಒಬ್ಬ ಹೆಂಡದಂಗಡಿಯವ ಹತ್ತು ಲಕ್ಷಕ್ಕೂ ಜಾಸ್ತಿ ಬಿಲ್ಲೆ ಬಿಟ್ಟಿದ್ದನಂತೆ. ಅಲ್ಲಿನ ಥರ್ಡ್ ಅವೆನ್ಯೂ ರೈಲಿನವರು ಜನರಿಂದ ಅವನ್ನು ತೆಗೆದುಕೊಂಡು, ರಾಶಿ ಬಿದ್ದಾಗ ಅವನ ಹತ್ತಿರ ಹೋಗಿ 'ಬದಲಿಸಿ ಕೊಡಪ್ಪ' ಅಂದರೆ ಅವನು ನಕ್ಕು ಕಳಿಸಿದ. ಅವರಿಗೆ ಕೇಳುವುದಕ್ಕೆ ಒಂದು ಕಾನೂನೂ ಇರಲಿಲ್ಲ. 1864ರಲ್ಲಿ ಸರ್ಕಾರ ಹಗುರವಾದ ಹೊಸ ಕಂಚಿನ ಸೆಂಟು ತಂದಿತು, ಖಾಸಗಿ ಬಿಲ್ಲೆ ನಿಂತಿತು.

ಲಿಂಡನ್‌ಮುಲ್ಲರ್ ಕಥೆ ಓದಿದ ರಾತ್ರಿ ನಾನು ನನ್ನ ಲೆಕ್ಕದ ಪುಸ್ತಕ ತೆಗೆದೆ. ಎಂಟು ತಿಂಗಳು ಚೀಟಿ ನಡೆಸಿ ಆಗಷ್ಟೇ ನಿಲ್ಲಿಸಿದ್ದೆ. ಒಂದು ಕಾರಣ, ಚಿಲ್ಲರೆ ಸ್ವಲ್ಪ ಸಿಗತೊಡಗಿತ್ತು. ಇನ್ನೊಂದು ಕಾರಣ, ಯಾರೋ ಹಸಿರು ಚೀಟಿಯನ್ನು ಕಲರ್ ಜೆರಾಕ್ಸ್ ಮಾಡಿ ತಂದಿದ್ದರು. ಸಿಕ್ಕಿದ್ದು ಎರಡೇ, ಆದರೂ ಎದೆ ಧಸಕ್ ಅಂದಿತು. ಎಲ್ಲ ವಾಪಸ್ ತನ್ನಿ ಅಂತ ಬೋರ್ಡ್ ಹಾಕಿದೆ. ತಿಂಗಳೊಪ್ಪತ್ತಿನಲ್ಲಿ ಬಂದವು, ಬಂದವು, ಆಮೇಲೆ ನಿಂತವು. ಎಣಿಸಿ ನೋಡಿದರೆ 412 ರೂಪಾಯಿ ಚೀಟಿ ಬರಲೇ ಇಲ್ಲ.

ಎಲ್ಲಿ ಹೋದವು? ಪ್ಯಾಂಟಿನ ಜೇಬಲ್ಲಿ ಒಗೆಯೋಕೆ ಬಿದ್ದು ಮುದ್ದೆಯಾಗಿರಬೇಕು. ಒಬ್ಬರು ಅಂಥ ಮುದ್ದೆಯನ್ನೇ ತಂದು ಕೊಟ್ಟಿದ್ದರು, ಬಣ್ಣ ನೋಡಿ ಎರಡು ರೂಪಾಯಿ ಕೊಟ್ಟೆ. ಮಕ್ಕಳು ಆಟಕ್ಕೆ ಇಟ್ಟುಕೊಂಡಿರಬೇಕು. ಊರು ಬಿಟ್ಟವರ ಜೊತೆ ಊರು ಬಿಟ್ಟಿರಬೇಕು. ಆದರೆ ಆ 412 ರೂಪಾಯಿ ಸಾಮಾನು ನಾನು ಯಾರಿಗೂ ಕೊಟ್ಟಿಲ್ಲ. ದುಡ್ಡು ನನ್ನ ಗಲ್ಲಾದಲ್ಲೇ ಉಳಿಯಿತು. ನಾನು ಮೋಸ ಮಾಡಲಿಲ್ಲ, ಯಾರಿಗೂ ಇಲ್ಲ ಅನ್ನಲಿಲ್ಲ. ಆದರೂ ಲಾಭ ನನಗೇ ಬಂತು. ಬಿಲ್ಲೆಯಾಗಲಿ ಚೀಟಿಯಾಗಲಿ, ಗಿರಾಕಿ ಅಂಗಡಿಯವನಿಗೆ ಕೊಡುವ ಕೈಸಾಲ ಅದು. ಬಡ್ಡಿ ಇಲ್ಲ, ಗಡುವು ಇಲ್ಲ, ಕೊಟ್ಟದ್ದು ಮರೆತರೆ ಕೇಳುವವರೂ ಇಲ್ಲ. ಬಸ್ಸಿನಲ್ಲಿ ಟಿಕೆಟ್ ಹಿಂದೆ '8' ಅಂತ ಬರೆದು ಸುತ್ತು ಹಾಕಿ ಕೊಡುತ್ತಾರಲ್ಲ, ಅದೂ ಇದೇ ಜಾತಿ. ನಿದ್ದೆ ಹತ್ತಿ ನೆಲಮಂಗಲದಲ್ಲಿ ಎಚ್ಚರವಾಗಿ, ದಡಬಡ ಇಳಿದುಬಿಟ್ಟರೆ ಎಂಟು ರೂಪಾಯಿ ಹೋಯಿತು. ಪಾಪ, ಕಂಡಕ್ಟರ್ ಬಯಸಿ ಮಾಡಿದ್ದಲ್ಲ. ಅವರ ಚೀಲದಲ್ಲೂ ಇಲ್ಲ.

ಹಾಗಾಗಿ ಖಾಸಗಿ ಬಿಲ್ಲೆ ಬೇಡ ಅನ್ನುವ ಕಾನೂನು ಸರಿ ಅಂತಲೇ ನನ್ನ ಅಭಿಪ್ರಾಯ. ಒಂದು ಕಾಲದಲ್ಲಿ ಸಿಟ್ಟು ಬಂದಿತ್ತು, ಈಗ ಇಲ್ಲ. ಆದರೆ ಕಾನೂನಿಗೆ ಎರಡು ಕೈ ಇರಬೇಕಲ್ವಾ? ಒಂದು ಕೈ ನನ್ನ ಬಿಲ್ಲೆ ಕಿತ್ತುಕೊಂಡರೆ ಇನ್ನೊಂದು ಕೈ ನಾಣ್ಯ ಕೊಡಬೇಕು. ಚಾರ್ಲ್ಸ್ ರಾಜನಿಗೆ ಗೊತ್ತಿದ್ದ ಲೆಕ್ಕ ಇದು.

ನಮ್ಮ ಕಡೆಯ ಅನುಭವವೂ ಹಾಗೇ ಇದೆ. ಎರಡನೇ ಮಹಾಯುದ್ಧದಲ್ಲಿ ಚಿಲ್ಲರೆ ಮಾಯವಾದಾಗ ಮೋರ್ವಿ, ಜುನಾಗಢ, ಬಿಕಾನೇರ್ ಸಂಸ್ಥಾನಗಳು ರಟ್ಟಿನ ತುಂಡುಗಳನ್ನೇ ಕಾಸಿನ ಬದಲು ಕೊಟ್ಟವು. ನನ್ನ ಚೀಟಿಗಳ ತಾತ ಅವು. ಬ್ರಿಟಿಷ್ ಸರ್ಕಾರ 1943ರಲ್ಲಿ ಲೋಹ ಉಳಿಸೋಕೆ ಅಂತ ನಡುವೆ ದೊಡ್ಡ ತೂತಿರುವ ಕಾಸು ತಂದಿತು. ತೂತು ಕಾಸು ಅಂದರೆ ನಮ್ಮ ಹಿರಿಯರ ಕಣ್ಣು ಈಗಲೂ ಮಿನುಗುತ್ತದೆ. ಅಪ್ಪ ಅದನ್ನು ದಾರಕ್ಕೆ ಪೋಣಿಸಿ ಲೆಕ್ಕ ಇಡುತ್ತಿದ್ದರಂತೆ. ನೋಡೋಕೆ ಬಡಕಲು, ಆದರೂ ಕೈಗೆ ಸಿಗುತ್ತಿತ್ತು. ಅಂಗಡಿಗೆ ಬೇಕಾದ್ದು ಅಷ್ಟೇ. ನನ್ನ ಡಬ್ಬಿಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಒಂದು ತಾಮ್ರದ ಮಯಿಲಿ ಕಾಸೂ ಇದೆ. ಇಪ್ಪತ್ತು ಕಾಸಿನದು. ಬೆಲೆಯನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಒತ್ತಿದ್ದಾರೆ, ಸಂತೆಯಲ್ಲಿ ಯಾರಿಗೂ ಗೊಂದಲ ಬೇಡ ಅಂತಲೋ ಏನೋ. ಇವತ್ತಿನ ನೋಟಿನ ಹಿಂದೆ ಕನ್ನಡ ಇದೆ. ನಾಣ್ಯದ ಮೇಲೆ ಇಲ್ಲ. ಇದು ಮಾತಿಗೆ ಬಂತು, ಹೇಳಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 'ಎಲ್ಲರ ಕೈಯಲ್ಲೂ ಫೋನಿದೆ, ಸ್ಕ್ಯಾನ್ ಮಾಡ್ತಾರೆ, ಇನ್ನೆಂಥ ಚಿಲ್ಲರೆ?' ಅಂತೀರಿ. ನನ್ನ ಕೌಂಟರಿನಲ್ಲೂ ಆ ಮಾತಾಡುವ ಡಬ್ಬಿ ಇದೆ. ಎರಡು ರೂಪಾಯಿ ಬಂದರೂ ಎರಡು ಲಕ್ಷ ಬಂದ ಹಾಗೆ ಕೂಗುತ್ತದೆ. 2016ರ ನೋಟು ರದ್ದಿನ ದಿನಗಳಲ್ಲಿ ಅದು ಇದ್ದಿದ್ದರೆ ನಾನು ಅಷ್ಟು ಕಷ್ಟ ಪಡುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ 2025ರ ಜುಲೈ ನೆನಪಿದೆಯಾ? ಫೋನಿಗೆ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಹೋಯಿತು. ರಾಜ್ಯದಲ್ಲಿ ಎಷ್ಟೋ ಅಂಗಡಿಗಳು ರಾತ್ರೋರಾತ್ರಿ ಸ್ಕ್ಯಾನ್ ಮಾಡುವ ಆ ಚೌಕದ ಚೀಟಿ ಕಿತ್ತು 'ನಗದು ಮಾತ್ರ' ಅಂತ ಬರೆದವು. ನನಗೆ ನೋಟಿಸ್ ಬರಲಿಲ್ಲ, ನಾನು ಕಿತ್ತೂ ಇಲ್ಲ. ಆದರೆ ಆ ವಾರ ಬೀದಿಯಲ್ಲೆಲ್ಲ ಚಿಲ್ಲರೆಗೆ ಹಾಹಾಕಾರ. ಇಷ್ಟು ವರ್ಷ ಯಾರೂ ಕೇಳದ ನಾಣ್ಯ ಒಮ್ಮೆಲೇ ಎಲ್ಲಿಂದ ಬರಬೇಕು? ಅದೂ ಅಲ್ಲದೆ, ಹುರಿಗಡಲೆ ಅಜ್ಜಿ ಹತ್ತಿರ ಇವತ್ತಿಗೂ ಇರುವುದು ಬಟನ್ ಫೋನು. ಪಾವಗಡ, ಶಿರಾ ಕಡೆಯಿಂದ ಕೂಲಿಗೆ ಬರುವವರ ಫೋನಿನಲ್ಲಿ ಚಾರ್ಜ್ ಇದ್ದರೆ ನೆಟ್ ಇರಲ್ಲ, ನೆಟ್ ಇದ್ದರೆ ಅಕೌಂಟಲ್ಲಿ ದುಡ್ಡಿರಲ್ಲ.

ನಾಣ್ಯ ದೇಶದಲ್ಲಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅದು ಒಂದೇ ದಿಕ್ಕಿಗೆ ಹರಿಯುತ್ತದೆ, ಅದೇ ತೊಂದರೆ. ಬ್ಯಾಂಕಿನಿಂದ ಹೊರಗೆ ಬಂದು ಮನೆಯ ಡಬ್ಬಿ, ಮಕ್ಕಳ ಗೋಲಕ, ಹುಂಡಿ ಸೇರಿ ಕೂರುತ್ತದೆ. ವಾಪಸ್ ಬರುವ ದಾರಿ ಮುಚ್ಚಿದೆ. ಮುಚ್ಚಿದ್ದು ಯಾರು ಅಂತ ಹೇಳುತ್ತೇನೆ. ಹೋದ ವರ್ಷ 2000 ರೂಪಾಯಿಯಷ್ಟು ನಾಣ್ಯ ಚೀಲದಲ್ಲಿ ಕಟ್ಟಿಕೊಂಡು ಒಂದು ಬ್ಯಾಂಕಿನ ಶಾಖೆಗೆ ಹೋದೆ. ಹೆಸರು ಬೇಡ ಬಿಡಿ. ಮೊದಲ ದಿನ 'ಸಿಬ್ಬಂದಿ ಇಲ್ಲ'. ಎರಡನೇ ದಿನ 'ಮಧ್ಯಾಹ್ನದ ಮೇಲೆ ಬನ್ನಿ'. ಮೂರನೇ ದಿನ ಮಧ್ಯಾಹ್ನದ ಮೇಲೆ ಹೋದರೆ, 'ಇದನ್ನೆಲ್ಲ ಎಣಿಸೋರು ಯಾರ್ರೀ?'

ಎಣಿಸಬೇಕಾಗಿಯೇ ಇಲ್ಲ. ಒಂದು, ಎರಡು ರೂಪಾಯಿ ನಾಣ್ಯವನ್ನು ತೂಕದ ಮೇಲೆ ತೆಗೆದುಕೊಳ್ಳಬಹುದು, ನೂರು ನೂರರಂತೆ ಪ್ಲಾಸ್ಟಿಕ್ ಪೊಟ್ಟಣ ಕಟ್ಟಿ ತಂದರೆ ಇಬ್ಬರಿಗೂ ಸುಲಭ, ಯಾವ ಶಾಖೆಯೂ ನಾಣ್ಯ ಬೇಡ ಅನ್ನುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಜೀವನವಿಡೀ ತಕ್ಕಡಿ ಹಿಡಿದವನು ನಾನು. ಈ ನಿಯಮ ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಪೊಟ್ಟಣ ಕಟ್ಟುವುದನ್ನು ದಿನಸಿ ಅಂಗಡಿಯವನಿಗೆ ಯಾರೂ ಹೇಳಿಕೊಡಬೇಕಿಲ್ಲ. ನೀವು ಕೌಂಟರ್ ಮೇಲೆ ಒಂದು ತಕ್ಕಡಿ ಇಡಿ, ಸಾಕು.

ಹತ್ತು ರೂಪಾಯಿ ನಾಣ್ಯದ ಪುರಾಣ ಬೇರೆ ಇದೆ. ನಮ್ಮ ಕಡೆ ಅದನ್ನು ಕೊಟ್ಟರೆ ಹಾವು ಕಂಡ ಹಾಗೆ ಕೈ ಹಿಂದೆ ಎಳೆದುಕೊಳ್ಳುತ್ತಾರೆ. 'ಅದು ನಡೆಯಲ್ಲ ಅಣ್ಣ.' ಯಾಕೆ ನಡೆಯಲ್ಲ? ಯಾರಿಗೂ ಗೊತ್ತಿಲ್ಲ. ರೂಪಾಯಿ ಚಿಹ್ನೆ ಇರುವುದು ಅಸಲಿ, ಇಲ್ಲದ್ದು ನಕಲಿ ಅಂತ ಒಬ್ಬರು. ಗೆರೆ ಎಣಿಸಬೇಕು ಅಂತ ಇನ್ನೊಬ್ಬರು. ನಾಣ್ಯದ ಮೇಲೆ ಚಿಹ್ನೆ ಬಂದದ್ದೇ 2011ರಲ್ಲಿ, ಅದಕ್ಕೂ ಮೊದಲಿನದರ ಮೇಲೆ ಎಲ್ಲಿಂದ ಬರಬೇಕು? ಅಲ್ಲಿಯವರೆಗೆ ಬಂದ 14 ವಿನ್ಯಾಸಗಳೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. ಒಂದು ರೂಪಾಯಿ ಮತ್ತು ಅದಕ್ಕಿಂತ ಮೇಲಿನ ನಾಣ್ಯಗಳಲ್ಲಿ 1000 ರೂಪಾಯಿವರೆಗೆ ಹಣ ತೀರಿಸಬಹುದು ಅಂತ ನಾಣ್ಯ ಕಾಯ್ದೆಯಲ್ಲೇ ಇದೆ. ಹೇಳಿದ್ದು ಮಂಡಿಪೇಟೆವರೆಗೆ ಬಂದಿಲ್ಲ, ಅಷ್ಟೇ. ನೋಡಿ ವಿಚಿತ್ರ: ಗಣಪತಿಯ ಕಿವಿ ಇದ್ದ ನನ್ನ ರಟ್ಟಿನ ಚೂರನ್ನು ಈ ಬೀದಿ ಎಂಟು ತಿಂಗಳು ನಂಬಿತು. ಭಾರತ ಸರ್ಕಾರದ ನಾಣ್ಯವನ್ನು ನಂಬುತ್ತಿಲ್ಲ. ನನ್ನ ಚೀಟಿ ವಾಪಸ್ ತಂದರೆ ನಾನು ತಗೊಳ್ಳುತ್ತೇನೆ ಅಂತ ಜನ ಕಣ್ಣಾರೆ ನೋಡಿದ್ದರು. ಹತ್ತು ರೂಪಾಯಿ ನಾಣ್ಯವನ್ನು ಬ್ಯಾಂಕಿನ ಕೌಂಟರಿನಲ್ಲಿ ನಗುನಗುತ್ತಾ ತಗೊಂಡದ್ದನ್ನು ಯಾರೂ ನೋಡಿಲ್ಲ. ಅಜ್ಜಿ ಹೇಳಿದ ಮಾತೇ ಮತ್ತೆ.

ನಾನು ಕೇಳುವುದು ದೊಡ್ಡದೇನಲ್ಲ. ರಿಸರ್ವ್ ಬ್ಯಾಂಕ್ 2023ರಲ್ಲಿ ಸ್ಕ್ಯಾನ್ ಮಾಡಿದರೆ ನಾಣ್ಯ ಉದುರಿಸುವ ಯಂತ್ರಗಳನ್ನು 12 ನಗರಗಳಲ್ಲಿ ಪರೀಕ್ಷೆಗೆ ಇಡುತ್ತೇವೆ ಅಂದಿತ್ತು. ಒಳ್ಳೆಯದೇ. ನಮಗೆ ಯಂತ್ರ ಬೇಡ, ಒಂದು ಮೇಜು ಸಾಕು. ವಾರಕ್ಕೊಂದು ದಿನ, ದಿನ ಗೊತ್ತು ಮಾಡಿ, ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಹಾಕಿ. ಆದರೆ ಬೆಳಿಗ್ಗೆ ಐದಕ್ಕೆ ಬನ್ನಿ. ಹನ್ನೊಂದಕ್ಕೆ ಬಂದರೆ ಅಲ್ಲಿ ಸೊಪ್ಪಿನ ಕಸ ಮಾತ್ರ ಇರುತ್ತದೆ. ಸಿದ್ಧಗಂಗೆ ಜಾತ್ರೆಯಲ್ಲಿ ಒಂದು ಮೇಜು, ತಿಪಟೂರಿನಲ್ಲಿ ಕೊಬ್ಬರಿ ಹರಾಜಿನ ದಿನ ಒಂದು. ನಾಣ್ಯ ತಂದವರಿಂದ ತೂಗಿ ತಗೊಳ್ಳಿ, ನೋಟು ತಂದವರಿಗೆ ಕೊಡಿ. ಅರ್ಧ ಕೆಲಸವನ್ನು ಜನರೇ ಒಬ್ಬರಿಗೊಬ್ಬರು ಮಾಡಿಕೊಳ್ಳುತ್ತಾರೆ. ಮೇಜಿನ ಮುಂದೆ ಹತ್ತು ರೂಪಾಯಿ ನಾಣ್ಯದ ಎಲ್ಲ ವಿನ್ಯಾಸಗಳ ಚಿತ್ರ ಇರುವ ಬೋರ್ಡು ನಿಲ್ಲಿಸಿ, ಕನ್ನಡದಲ್ಲಿ, ಕನ್ನಡಕ ಇಲ್ಲದೆ ಓದುವಷ್ಟು ದಪ್ಪ ಅಕ್ಷರದಲ್ಲಿ. ಮೊದಲನೇ ದಿನ ನೂರು ಪೊಟ್ಟಣ ಕಟ್ಟಿಕೊಂಡು ನಾನೇ ಬರುತ್ತೇನೆ. ತಕ್ಕಡಿ ಇಲ್ಲದಿದ್ದರೆ ಅದನ್ನೂ ತರುತ್ತೇನೆ, ಮುದ್ರೆ ಹಾಕಿಸಿದ್ದು.

ಇನ್ನು ಗಿರಾಕಿಗಳಿಗೆ ಎರಡು ಮಾತು. ಚಾಕೊಲೇಟು ಬೇಡ ಅನ್ನೋಕೆ ನಾಚಿಕೊಳ್ಳಬೇಡಿ. ಬೇಡ ಅಂದರೆ ಬೇಡ. 17 ರೂಪಾಯಿಗೆ 500 ತರುವಾಗ ಮನೆಯ ಡಬ್ಬಿಗೆ ಒಂದು ಸಲ ಕೈ ಹಾಕಿ ಬನ್ನಿ.

ಹಾಗೇ, ಹಳದಿ, ಗುಲಾಬಿ, ಹಸಿರು ಚೀಟಿಗಳು ಯಾರದಾದರೂ ಬೀರುವಿನಲ್ಲಿ, ಹಳೇ ಪರ್ಸಿನಲ್ಲಿ, ಪಂಚಾಂಗದ ನಡುವೆ ಸಿಕ್ಕರೆ ದಯವಿಟ್ಟು ತನ್ನಿ. 412 ರೂಪಾಯಿಯನ್ನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ, ಮುಟ್ಟಿಲ್ಲ. ಸೀಲು ಮಾಸಿದ್ದರೂ ಪರವಾಗಿಲ್ಲ, ಒಗೆದು ಮುದ್ದೆಯಾಗಿದ್ದರೂ ಪರವಾಗಿಲ್ಲ. ಭಾನುವಾರ ಮಧ್ಯಾಹ್ನ ಅಂಗಡಿ ಇರುವುದಿಲ್ಲ, ಮಿಕ್ಕಂತೆ ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಇಲ್ಲೇ ಇರುತ್ತೇನೆ.

ಇಂತಿ ನಿಮ್ಮ,
ಮಂಡಿಪೇಟೆಯ ಒಬ್ಬ ದಿನಸಿ ಅಂಗಡಿಯವ
ತುಮಕೂರು